ಸೆಸ್ನಾ 172 ಅನ್ನು ಅಮೆರಿಕದಿಂದ ಐರ್ಲೆಂಡಿಗೆ ತರುವ ಬಗ್ಗೆ

ಒಹಾಯೊದಲ್ಲಿರುವ ಸೆಸ್ನಾ 172ಎಸ್ ವಿಮಾನದ ವ್ಯಾಪಾರ ಕುದುರಿದೆ, ಅದನ್ನು ಐರ್ಲೆಂಡಿಗೆ ನೀವೇ ಹಾರಿಸಿಕೊಂಡು ತರುವುದೋ, ವಿಮಾನವನ್ನು ಹಾರಿಸಿ ತಲುಪಿಸಿಕೊಡುವ ವೃತ್ತಿಯ ಫೆರಿ ಪೈಲಟ್ ಒಬ್ಬರಿಗೆ ಒಪ್ಪಿಸುವುದೋ, ರೆಕ್ಕೆ ಕಳಚಿ ಕಂಟೇನರಿನಲ್ಲಿ ತರಿಸುವುದೋ ಎಂದು ಕೇಳಿದ್ದೀರಿ. ಹೊರಗೇನೂ ಕಾಣದಾಗ ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಇನ್ನೂ ಪಡೆದಿಲ್ಲವೆಂದೂ ಬರೆದಿದ್ದೀರಿ. ಆ ಒಂದು ಸಾಲಿನಿಂದಲೇ ನಿಮ್ಮ ಮೊದಲ ಆಯ್ಕೆ ಬಿದ್ದುಹೋಗುತ್ತದೆ. ಒಂಟಿ ಎಂಜಿನ್ನಿನ ವಿಮಾನವೊಂದು ಕೆನಡಾದಿಂದ ಹೊರಟು ಸಾಗರದ ಮೇಲೆ ಹೋಗಬೇಕಾದರೆ ಅದರ ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲೇಬೇಕೆಂದು ಆ ದೇಶದ ನಿಯಮ ಹೇಳುತ್ತದೆ. ಎರಡು ಅಂತಾರಾಷ್ಟ್ರೀಯ ತರಂಗಾಂತರಗಳಲ್ಲಾದರೂ ಮಾತನಾಡಬಲ್ಲ, ಬಹುದೂರ ತಲುಪುವ ಎಚ್‌ಎಫ್ ರೇಡಿಯೋ, ವಿಮಾನದಲ್ಲಿರುವ ಪ್ರತಿಯೊಬ್ಬರಿಗೂ ಚಳಿನೀರಿನಿಂದ ಕಾಯುವ ಉಡುಪು, ಲೆಕ್ಕಕ್ಕೆ ಬೇಕಾದ ಇಂಧನದ ಮೇಲೆ ಶೇ. 10ರಷ್ಟು ಹೆಚ್ಚುವರಿ ಇಂಧನ, ಇವೂ ಅದೇ ನಿಯಮದ ಭಾಗ. ಆದ್ದರಿಂದ ನಿಮಗೆ ಉಳಿಯುವುದು ಫೆರಿ ಪೈಲಟ್ ಮತ್ತು ಕಂಟೇನರ್ ಎಂಬ ಎರಡೇ ದಾರಿ. ನಾನು ಮೇನ್ ರಾಜ್ಯದಲ್ಲಿ ವಿಮಾನ ದುರಸ್ತಿಯ ಕೆಲಸದಲ್ಲಿದ್ದು, ಇಂಥ ಪ್ರಯಾಣಕ್ಕೆ ಹೆಚ್ಚುವರಿ ಇಂಧನದ ಟ್ಯಾಂಕು ಕೂರಿಸಿದ ಅನುಭವದಿಂದ ಈ ಎರಡರ ಬಗ್ಗೆ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಕಾಗದದ ವಿಷಯ ಹೇಳಬೇಕು, ಏಕೆಂದರೆ ಸಾಗರಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ. ಮಾರಾಟಗಾರ ನಿಮಗೆ ಬಿಲ್ ಆಫ್ ಸೇಲ್ ಬರೆದುಕೊಟ್ಟು ಮಾಲೀಕತ್ವ ಬದಲಾದ ಕ್ಷಣವೇ ಅವರ ಹೆಸರಿನಲ್ಲಿದ್ದ ಅಮೆರಿಕದ ನೋಂದಣಿ ಕೊನೆಗೊಳ್ಳುತ್ತದೆ. ನೀವು ಅಮೆರಿಕದ ಪೌರರೂ ಅಲ್ಲ, ಅಲ್ಲಿನ ಕಾಯಂ ನಿವಾಸಿಯೂ ಅಲ್ಲವಾದ್ದರಿಂದ ನಿಮ್ಮ ಹೆಸರಿಗೆ ಎನ್-ನೋಂದಣಿ, ಅಂದರೆ ಅಮೆರಿಕದ ನೋಂದಣಿ, ನೇರವಾಗಿ ಸಿಗುವುದಿಲ್ಲ. ಆಗ ವಿಮಾನ ಯಾವ ದೇಶದ್ದೂ ಅಲ್ಲದ ಸ್ಥಿತಿಯಲ್ಲಿ ಒಹಾಯೊದ ಹ್ಯಾಂಗರಿನಲ್ಲಿ ನಿಲ್ಲುತ್ತದೆ ಮತ್ತು ಹ್ಯಾಂಗರಿನ ಬಾಡಿಗೆ ಮಾತ್ರ ಏರುತ್ತಾ ಹೋಗುತ್ತದೆ. ಇದಕ್ಕೆ ರೂಢಿಯಲ್ಲಿರುವ ಪರಿಹಾರಗಳು ಮೂರು. ಹಣವನ್ನು ಮೂರನೆಯವರು ಕಾಯ್ದಿಡುವ ಎಸ್ಕ್ರೋ ಖಾತೆಯಲ್ಲಿಟ್ಟು, ವಿಮಾನ ಐರ್ಲೆಂಡಿನಲ್ಲಿ ಇಳಿಯುವವರೆಗೂ ಮಾಲೀಕತ್ವ ಮಾರಾಟಗಾರರ ಬಳಿಯೇ ಇರುವಂತೆ ಕರಾರು ಮಾಡಿಕೊಳ್ಳಬಹುದು. ಅಮೆರಿಕದ ಟ್ರಸ್ಟ್ ಒಂದರ ಹೆಸರಿನಲ್ಲಿ ನೋಂದಾಯಿಸಬಹುದು. ಇಲ್ಲವೇ ಮೊದಲೇ ಅಲ್ಲಿನ ನೋಂದಣಿ ರದ್ದುಪಡಿಸಿ ಐರಿಷ್ ನೋಂದಣಿ ಪಡೆದು ಹೊರಡಬಹುದು. ಒಂದೇ ಸಲ ತರುವ ನಿಮ್ಮಂಥವರಿಗೆ ಮೊದಲನೆಯದೇ ಸರಳವೆಂದು ನನ್ನ ಅಭಿಪ್ರಾಯ, ಆದರೆ ದಾರಿಯಲ್ಲಿ ವಿಮಾನ ಹಾಳಾದರೆ ನಷ್ಟ ಯಾರದು ಎಂಬುದು ಆ ಕರಾರಿನಲ್ಲಿ ಸ್ಪಷ್ಟವಾಗಿರಬೇಕು ಮತ್ತು ವಿಮಾ ಕಂಪನಿ ಫೆರಿ ಹಾರಾಟವನ್ನು ಒಪ್ಪಿ ಬರಹದಲ್ಲಿ ಕೊಟ್ಟಿರಬೇಕು. ಸಾಮಾನ್ಯ ಪಾಲಿಸಿಗಳು ಭೌಗೋಳಿಕ ಮಿತಿಯ ಹೊರಗೆ ಕೆಲಸಕ್ಕೆ ಬರುವುದಿಲ್ಲ.

ಈಗ ಇಂಧನದ ಲೆಕ್ಕ. 172ಎಸ್‌ನ ರೆಕ್ಕೆಯ ಟ್ಯಾಂಕುಗಳಲ್ಲಿ ಬಳಕೆಗೆ ಸಿಗುವುದು 53 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 200 ಲೀಟರ್. ನಿಧಾನವಾಗಿ ಸಾಗಿದರೆ ಗಂಟೆಗೆ 34 ಲೀಟರ್ ಖರ್ಚು, ವೇಗ 115 ನಾಟ್ ಎಂದಿಟ್ಟುಕೊಳ್ಳೋಣ. ಕೆನಡಾದ ಲ್ಯಾಬ್ರಡಾರಿನ ಗೂಸ್ ಬೇಯಿಂದ ಗ್ರೀನ್‌ಲೆಂಡಿನ ನಾರ್ಸಾರ್ಸುವಾಕ್‌ಗೆ ಸುಮಾರು 680 ನಾಟಿಕಲ್ ಮೈಲಿ, ಗಾಳಿಯಿಲ್ಲದ ದಿನ ಆರು ಗಂಟೆ, ಖರ್ಚು 200 ಲೀಟರ್. ಅಂದರೆ ರನ್‌ವೇ ಮತ್ತು ಖಾಲಿ ಟ್ಯಾಂಕು ಒಟ್ಟಿಗೇ ಎದುರಾಗುತ್ತವೆ. ಅಲ್ಲಿಂದ ಐಸ್‌ಲ್ಯಾಂಡಿನ ರೇಕ್ಯಾವಿಕ್‌ಗೂ ಹೆಚ್ಚುಕಡಿಮೆ ಅಷ್ಟೇ ದೂರ, ರೇಕ್ಯಾವಿಕ್‌ನಿಂದ ಸ್ಕಾಟ್ಲೆಂಡಿನ ವಿಕ್‌ಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಸೆಸ್ನಾ 182 ಅಥವಾ ಸಿರಸ್ ಎಸ್‌ಆರ್22 ವಿಮಾನ ಇದ್ದಿದ್ದರೆ ಕಾರ್ಖಾನೆಯ ಟ್ಯಾಂಕಿನಲ್ಲೇ ಈ ಹಂತಗಳನ್ನು ದಾಟುವ ಮಾತಾಡಬಹುದಿತ್ತು, 172ಕ್ಕೆ ಮಾತ್ರ ಹೆಚ್ಚುವರಿ ಟ್ಯಾಂಕು ಅನಿವಾರ್ಯ.

ಸಮಾಧಾನದ ಸಂಗತಿಯೆಂದರೆ ಈ ದಾರಿಗೆ ವಿಮಾನವನ್ನು ಅತಿಯಾಗಿ ಹೇರಬೇಕಾಗಿಲ್ಲ. ಖಾಲಿ ತೂಕ 765 ಕಿಲೋ, ಪೈಲಟ್ ಮತ್ತು ತೇಲುದೋಣಿ ಮೊದಲಾದ ಸಾಮಾನು 130 ಕಿಲೋ, ರೆಕ್ಕೆಯ ಇಂಧನ 144 ಕಿಲೋ ಎಂದು ಕೂಡಿಸಿದರೆ 1157 ಕಿಲೋ ಗರಿಷ್ಠ ತೂಕಕ್ಕೆ ಇನ್ನೂ 118 ಕಿಲೋ ಉಳಿಯುತ್ತದೆ. ಟ್ಯಾಂಕಿನ ಸ್ವಂತ ತೂಕ ಕಳೆದರೂ 140 ಲೀಟರಿಗೆ ಕಡಿಮೆಯಿಲ್ಲದಷ್ಟು ಹೆಚ್ಚು ಇಂಧನ ಹಿಡಿಯುತ್ತದೆ, ಅಂದರೆ ನಾಲ್ಕು ಗಂಟೆಯ ಮೀಸಲು. ಅದೇ ಕೆನಡಾದ ಗ್ಯಾಂಡರ್‌ನಿಂದ ಐರ್ಲೆಂಡಿನ ಶ್ಯಾನನ್‌ಗೆ ನೇರ ಹೋಗುವೆನೆಂದರೆ 1700 ನಾಟಿಕಲ್ ಮೈಲಿ; ಸಾಕಷ್ಟು ಮೀಸಲು ಸೇರಿ 600 ಲೀಟರ್ ಬೇಕು, ವಿಮಾನ ಗರಿಷ್ಠ ತೂಕಕ್ಕಿಂತ ಶೇ. 15ರಷ್ಟು ಭಾರವಾಗಿ ನೆಲ ಬಿಡಬೇಕು. ಹೆಚ್ಚುವರಿ ಇಂಧನಕ್ಕಾಗಿ ಮಿತಿ ಮೀರಿದ ತೂಕದಲ್ಲಿ ಹಾರಲು ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎ ವಿಶೇಷ ಹಾರಾಟ ಪರವಾನಗಿ ಕೊಡುತ್ತದೆ, ಆದರೆ ಅದು ಬೇರೆ ದೇಶಗಳ ಆಕಾಶಕ್ಕೆ ತಾನಾಗಿ ಅನ್ವಯಿಸುವುದಿಲ್ಲ; ದಾರಿಯಲ್ಲಿ ಸಿಗುವ ಪ್ರತಿ ದೇಶದ ಒಪ್ಪಿಗೆಯನ್ನೂ ಬೇರೆಬೇರೆಯಾಗಿ ಪಡೆಯಬೇಕು. ಕಡಿಮೆ ದಿನದಲ್ಲಿ ಮುಗಿಸುತ್ತೇನೆಂದು ನೇರ ದಾರಿಯ ದರ ಹೇಳುವ ಪೈಲಟ್‌ನನ್ನು 172ರ ಮಟ್ಟಿಗೆ ನಾನು ಆರಿಸುವುದಿಲ್ಲ.

ಟ್ಯಾಂಕು ಕೂರಿಸುವ ದಿನ ಸಾಧ್ಯವಾದರೆ ನೀವೇ ಹೋಗಿ ನಿಂತು ನೋಡಿ. ಹಿಂದಿನ ಆಸನ ತೆಗೆದು ಆ ಜಾಗದಲ್ಲಿ ಅಲ್ಯೂಮಿನಿಯಂ ಟ್ಯಾಂಕನ್ನೋ ಮಡಚುವ ರಬ್ಬರ್ ಚೀಲವನ್ನೋ ನೆಲದ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿಯುತ್ತಾರೆ. ಪಟ್ಟಿಗಳು ಎದುರಾಳಿ ದಿಕ್ಕುಗಳಲ್ಲಿ ಎಳೆದಿರಬೇಕು, ಏಕೆಂದರೆ ನೂರು ಕಿಲೋ ಇಂಧನ ಪೈಲಟ್‌ನ ಬೆನ್ನ ಹಿಂದೆಯೇ ಇರುತ್ತದೆ. ಗಟ್ಟಿ ಟ್ಯಾಂಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದರ ಗಾಳಿಕೊಳವೆ. ಅದರ ತುದಿ ವಿಮಾನದ ಹೊರಗೆ, ಎದುರುಗಾಳಿಗೆ ಮುಖ ಮಾಡಿ ತೆರೆದಿರಬೇಕು; ಇಲ್ಲವಾದರೆ ಆವಿ ಕ್ಯಾಬಿನ್ನಿನೊಳಗೆ ತುಂಬುತ್ತದೆ, ಕೊಳವೆ ಮುಚ್ಚಿಹೋದರಂತೂ ಬಾಯಿ ಕಚ್ಚಿ ಹೀರಿದ ಪ್ಲಾಸ್ಟಿಕ್ ಬಾಟಲಿಯಂತೆ ಟ್ಯಾಂಕು ಒಳಕ್ಕೆ ಕುಗ್ಗಿ ಇಂಧನ ಬರುವುದೇ ನಿಲ್ಲುತ್ತದೆ. ಪಂಪಿನ ಮೂಲಕ ರೆಕ್ಕೆಯ ಟ್ಯಾಂಕಿಗೆ ವರ್ಗಾಯಿಸುವ ಜೋಡಣೆಯಾದರೆ, ರೆಕ್ಕೆಯಲ್ಲಿ ಅಷ್ಟು ಜಾಗ ಖಾಲಿಯಾಗುವವರೆಗೆ ಪಂಪು ಮುಟ್ಟಬಾರದು, ಮುಟ್ಟಿದರೆ ಹೆಚ್ಚಾದ ಇಂಧನ ರೆಕ್ಕೆಯ ಗಾಳಿಕೊಳವೆಯಿಂದ ಸಮುದ್ರಕ್ಕೆ ಸುರಿಯುತ್ತದೆ. ಇಡೀ ವ್ಯವಸ್ಥೆಯನ್ನು ಸಮುದ್ರ ತಲುಪುವ ಮುನ್ನ, ಭೂಭಾಗದ ಮೇಲೆ ಹಾರುವಾಗಲೇ ಪೂರ್ತಿ ಪರೀಕ್ಷಿಸಬೇಕು. ಸಮುದ್ರದ ಮೇಲೆ ಬಂದ ಮೇಲಂತೂ ಹಿಂದಿರುಗಲು ಸಾಲುವಷ್ಟು ಇಂಧನ ರೆಕ್ಕೆಯಲ್ಲಿರುವಾಗಲೇ ಮತ್ತೊಮ್ಮೆ ವರ್ಗಾಯಿಸಿ ನೋಡಬೇಕು. 2015ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಹೊರಟ ಸಿರಸ್ ಎಸ್‌ಆರ್22 ಒಂದರಲ್ಲಿ ಫೆರಿ ಟ್ಯಾಂಕಿನ ಇಂಧನ ವರ್ಗವಾಗಲೇ ಇಲ್ಲ. ಮಾವಿ ದ್ವೀಪಕ್ಕೆ ಇನ್ನೂ 250 ಮೈಲಿಯಷ್ಟು ದೂರವಿರುವಾಗ ಪೈಲಟ್ ವಿಮಾನದ ಪ್ಯಾರಾಚೂಟ್ ಬಿಚ್ಚಿ ನೀರಿಗಿಳಿದು ತೇಲುದೋಣಿ ಹತ್ತಿದರು. ಹತ್ತಿರದ ಪ್ರವಾಸಿ ಹಡಗೊಂದು ಅವರನ್ನು ಎತ್ತಿಕೊಂಡಿತು. ಟ್ಯಾಂಕಿನಲ್ಲಿ ಇಂಧನವಿತ್ತು, ಎಂಜಿನ್ನಿಗೆ ಸಿಗಲಿಲ್ಲ, ಅಷ್ಟೇ. ನಿಮ್ಮ 172ರಲ್ಲಿ ಆ ಪ್ಯಾರಾಚೂಟೂ ಇಲ್ಲ.

ದಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಪೈಲಟ್‌ನ ಕೆಲಸ. ಆದರೂ ದರಪಟ್ಟಿಯಲ್ಲಿ ಕಾಯುವ ದಿನಗಳ ಖರ್ಚು ಏಕೆ ಇರುತ್ತದೆಂದು ತಿಳಿಯಲು ನಾರ್ಸಾರ್ಸುವಾಕ್ ಒಂದನ್ನು ನೋಡಿದರೆ ಸಾಕು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ, ಅಮೆರಿಕದವರು ಯುರೋಪಿಗೆ ಯುದ್ಧವಿಮಾನ ಸಾಗಿಸಲೆಂದೇ ಕಟ್ಟಿದ ನೆಲೆ ಅದು. ಕಡಲಿನಿಂದ ಬಹಳ ಒಳಗೆ, ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಕಿರಿದಾದ ಚಾಚು, ಅಂದರೆ ಫ್ಯೋರ್ಡ್ ಒಂದರ ತುದಿಯಲ್ಲಿದೆ. ರನ್‌ವೇ ಒಂದು ಕಡೆಗೆ ಏರಿಕೊಂಡು ಹೋಗುತ್ತದೆ, ಅದರಾಚೆ ಹಿಮಗಡ್ಡೆಯ ಪ್ರಸ್ಥಭೂಮಿ. ಮೋಡ ಕೆಳಗಿದ್ದಾಗ ಕಡಲಿನ ಕಡೆಯಿಂದ ಫ್ಯೋರ್ಡಿನೊಳಗೆ ನುಗ್ಗಿ ಬರುವ ಪೈಲಟ್‌ಗೆ ಒಂದೇ ತೆರನಾಗಿ ಕಾಣುವ ಕವಲುಗಳಲ್ಲಿ ಸರಿಯಾದುದು ಯಾವುದೆಂದು ತಿಳಿದಿರಬೇಕು, ತಪ್ಪಿದ ಕವಲಿನಲ್ಲಿ ತಿರುಗಲು ಜಾಗವಿರುವುದಿಲ್ಲ. ಸಮಯ ಮೀರಿ ಇಳಿದರೆ ಅಲ್ಲಿ ವಿಧಿಸುವ ಶುಲ್ಕವೂ ಚಿಕ್ಕದಲ್ಲ. ದಕ್ಷಿಣ ಗ್ರೀನ್‌ಲೆಂಡಿಗೆ ಕಾಕೊರ್ಟೊಕ್‌ನ ಹೊಸ ನಿಲ್ದಾಣವೂ ಸೇರಿಕೊಳ್ಳುವುದರಿಂದ ನಾರ್ಸಾರ್ಸುವಾಕ್ ತೆರೆದಿದೆಯೇ ಎಂಬುದನ್ನೂ, ಅಂದಂದಿನ ಸೇವಾ ಸಮಯ ಮತ್ತು ಆವ್‌ಗ್ಯಾಸ್ (ಇಂಥ ವಿಮಾನಗಳ ಪೆಟ್ರೋಲ್) ಲಭ್ಯತೆಯನ್ನೂ ಪೈಲಟ್ ಹೊರಡುವ ವಾರ ಖಚಿತಪಡಿಸಿಕೊಳ್ಳಲಿ. 172ಕ್ಕೆ ಮಂಜುಗಡ್ಡೆ ಕರಗಿಸುವ ವ್ಯವಸ್ಥೆಯಿಲ್ಲ. ಮೋಡದಲ್ಲಿ ರೆಕ್ಕೆಗೆ ಹಿಮ ಕಟ್ಟಿದರೆ ಕೆಳಗಿಳಿದು ಬೆಚ್ಚನೆಯ ಗಾಳಿ ಹುಡುಕಬೇಕು, ಚಳಿಗಾಲದಲ್ಲಿ ಆ ಬೆಚ್ಚನೆಯ ಗಾಳಿ ನೀರಿನ ಮಟ್ಟದವರೆಗೂ ಇರುವುದಿಲ್ಲ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳನ್ನು ಬಿಟ್ಟು ಬೇರೆ ಸಮಯಕ್ಕೆ ಒಪ್ಪಿಕೊಳ್ಳಬೇಡಿ.

ಪೈಲಟ್ ಜೊತೆ ನೀವೂ ಕುಳಿತು ಬರುವ ಆಸೆಯನ್ನು ಬರೆದಿದ್ದೀರಿ. ನಿಮ್ಮ ತೂಕ ಮತ್ತು ನಿಮ್ಮ ಸಾಮಾನು ಸೇರಿದರೆ ಮೇಲಿನ ಲೆಕ್ಕದ 118 ಕಿಲೋ ಬಹುಪಾಲು ಅಲ್ಲಿಯೇ ಮುಗಿಯುತ್ತದೆ. ತೂಕ ಮಿತಿ ಮೀರಿತೆಂದು ವಿಶೇಷ ಪರವಾನಗಿ ಪಡೆದರೆ, ಆ ಹಾರಾಟದಲ್ಲಿ ಅಗತ್ಯ ಸಿಬ್ಬಂದಿಯ ಹೊರತು ಬೇರೆಯವರು ಇರುವಂತಿಲ್ಲ. ಒಹಾಯೊದಿಂದ ಮೇನ್‌ವರೆಗೆ, ಟ್ಯಾಂಕು ಕೂರಿಸುವ ಮೊದಲು, ಜೊತೆಗೆ ಹಾರಿ ಬನ್ನಿ. ವಿಮಾನದ ಎಣ್ಣೆ ಖರ್ಚು, ರೇಡಿಯೋ, ಆಟೋಪೈಲಟ್ ಎಲ್ಲವೂ ಆ ಕೆಲವು ಗಂಟೆಗಳಲ್ಲಿ ನಿಮಗೆ ತಿಳಿಯುತ್ತದೆ.

ಇನ್ನು ಕಂಟೇನರ್. 40 ಅಡಿ ಉದ್ದದ, ಮಾಮೂಲಿಗಿಂತ ಎತ್ತರವಿರುವ ಕಂಟೇನರಿನ ಒಳಗಿನ ಅಗಲ ಸುಮಾರು 2.35 ಮೀಟರ್. 172ರ ಚಕ್ರಗಳ ನಡುವಿನ ಅಂತರವೇ ಎರಡೂವರೆ ಮೀಟರ್, ಹಿಂಬದಿಯ ಅಡ್ಡರೆಕ್ಕೆ ಮೂರೂವರೆ ಮೀಟರಿಗೆ ಹತ್ತಿರ. ಆದ್ದರಿಂದ ರೆಕ್ಕೆಯಷ್ಟೇ ಅಲ್ಲ, ಬಾಲದ ಭಾಗಗಳನ್ನೂ ಚಕ್ರದ ಕಾಲುಗಳನ್ನೂ ಕಳಚಿ, ಒಡಲನ್ನು ಮರದ ತೊಟ್ಟಿಲಿನ ಮೇಲೆ ಕೂರಿಸಬೇಕಾಗುತ್ತದೆ. ಇಂಧನ ಪೂರ್ತಿ ತೆಗೆದು, ಬ್ಯಾಟರಿ ಬೇರ್ಪಡಿಸಿ, ಎಂಜಿನ್ನಿಗೆ ಸಂರಕ್ಷಣೆಯ ಎಣ್ಣೆ ಹಾಕಿ, ಸ್ಪಾರ್ಕ್ ಪ್ಲಗ್ಗಿನ ಜಾಗದಲ್ಲಿ ತೇವ ಹೀರುವ ಪ್ಲಗ್ ಹಾಕದಿದ್ದರೆ ಉಪ್ಪುಗಾಳಿಯ ವಾರಗಳಲ್ಲಿ ಸಿಲಿಂಡರಿಗೆ ತುಕ್ಕು ಹತ್ತುತ್ತದೆ. ಬಿಚ್ಚಿದವರೇ ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿ, ಪ್ರತಿ ಜೋಡಣೆಯ ಫೋಟೋ ತೆಗೆದು ಕೊಡಬೇಕು. ಐರ್ಲೆಂಡಿನಲ್ಲಿ ಮತ್ತೆ ಜೋಡಿಸಿ, ಕೇಬಲ್‌ಗಳ ಬಿಗಿ ಮತ್ತು ರೆಕ್ಕೆಯ ಕೋನ ಸರಿಪಡಿಸಿ ಸಹಿ ಹಾಕುವ ಪರವಾನಗಿಯುಳ್ಳ ಎಂಜಿನಿಯರ್ ಯಾರು, ಅವರ ದರವೇನು ಎಂಬುದನ್ನು ಮೊದಲೇ ಕೇಳಿ. ಹಡಗಿನ ಬಾಡಿಗೆ ಅಗ್ಗವೆಂದು ಕಾಣುವುದು ಈ ಮೊತ್ತವನ್ನು ಕೂಡಿಸುವವರೆಗೆ ಮಾತ್ರ. ವಿಮಾನಕ್ಕೆ ಹೇಗೂ ಬಣ್ಣ ಹೊಡೆಸುವ ಅಥವಾ ಎಂಜಿನ್ ಓವರ್‌ಹಾಲ್ ಮಾಡಿಸುವ ಯೋಚನೆಯಿದ್ದರೆ ಕಂಟೇನರೇ ಸರಿ. ಆರೋಗ್ಯವಾಗಿ ದಿನವೂ ಹಾರುತ್ತಿರುವ ವಿಮಾನವಾದರೆ, ಮತ್ತು ಬೇಸಿಗೆಯವರೆಗೆ ಕಾಯುವ ವ್ಯವಧಾನ ನಿಮಗಿದ್ದರೆ, ನಾನು ಫೆರಿ ಪೈಲಟ್‌ನನ್ನೇ ಆರಿಸುತ್ತೇನೆ.

ಯಾವ ದಾರಿಯಲ್ಲಿ ಬಂದರೂ ಐರ್ಲೆಂಡಿನಲ್ಲಿ ಶೇ. 23ರ ವ್ಯಾಟ್ ಕಾದಿರುತ್ತದೆ, ಅದನ್ನು ಸಾಗಣೆಯ ಖರ್ಚೂ ಸೇರಿದ ಮೌಲ್ಯದ ಮೇಲೆ ಲೆಕ್ಕ ಹಾಕುತ್ತಾರೆ. ಯುರೋಪಿಗೆ ಚಾನೆಲ್‌ಗಳ ನಡುವೆ 8.33 ಕಿಲೋಹರ್ಟ್ಸ್ ಅಂತರದ ರೇಡಿಯೋ ಬೇಕು. ಅಮೆರಿಕದ ಹಳೆಯ ರೇಡಿಯೋಗಳಲ್ಲಿ ಅದು ಇರುವುದಿಲ್ಲ. ಐರಿಷ್ ನೋಂದಣಿಗೆ ಎಫ್‌ಎಎ ಕೊಡುವ ರಫ್ತಿನ ಹಾರಾಟಯೋಗ್ಯತಾ ಪ್ರಮಾಣಪತ್ರವೂ, ವಿಮಾನದಲ್ಲಿ ಆಗಿರುವ ಪ್ರತಿ ದೊಡ್ಡ ಮಾರ್ಪಾಡನ್ನು ದಾಖಲಿಸುವ ಎಫ್‌ಎಎ ಫಾರ್ಮ್ 337ರ ಕಡತವೂ ಬೇಕಾಗುತ್ತವೆ. ಮುಂಗಡ ಕಳುಹಿಸುವ ಮೊದಲು ಮಾರಾಟಗಾರರಿಂದ ಲಾಗ್‌ಬುಕ್‌ಗಳು, ಈ 337ಗಳು ಮತ್ತು ತೀರಾ ಇತ್ತೀಚಿನ ತೂಕದ ಹಾಳೆ, ಇಷ್ಟರ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ. ತೂಕದ ಹಾಳೆಯಲ್ಲಿರುವ ಅಂಕಿಗಳನ್ನು ಇಲ್ಲಿ ಹಾಕಿದರೆ ಟ್ಯಾಂಕು ಎಷ್ಟು ಲೀಟರಿನದಿರಬೇಕು, ಗುರುತ್ವಕೇಂದ್ರ ಎಲ್ಲಿ ಬೀಳುತ್ತದೆ ಎಂಬುದನ್ನು ಲೆಕ್ಕ ಮಾಡಿ ಹೇಳುತ್ತೇನೆ.