ಖಾನಾವಳಿ ಓಡುತ್ತದೋ, ನಡೆಯುತ್ತದೋ?

ಗದಗಿನ ಖಾನಾವಳಿ ಮಾಲಕರೊಬ್ಬರ ಪತ್ರ: ‘ಐದನೇ ಕ್ಲಾಸಿನ ಮಗಳು ಇಂಗ್ಲಿಷ್ ವಹಿಯೊಳಗ “ಮೈ ಫಾದರ್ ರನ್ಸ್ ಎ ಖಾನಾವಳಿ, ಮೈ ಅಂಕಲ್ ರನ್ಸ್ ಎ ಬಸ್” ಅಂತ ಬರದಾಳ್ರಿ. ಅವರ ಕಾಕಾ ಬಸ್ ಡ್ರೈವರ್, ಅದು ಸರಿ. ನಾ ಮೊಣಕಾಲು ನೋವಿನಾಂವ, ದಿನಾ ಗಲ್ಲಾದ ಮುಂದ ಕುಂತಿರ್ತೇನಿ. ನಾ ಎಲ್ಲಿ ಓಡ್ಲಿ?’

ಮಾಲಕರೇ, ಪತ್ರ ಓದಿ ಆಫೀಸಿನಲ್ಲಿ ಎಲ್ಲರೂ ನಕ್ಕೆವು, ಬೇಜಾರಾಗಬೇಡಿ. ನಿಮ್ಮ ಬಗ್ಗೆ ಮಗಳು ಬರೆದದ್ದು ಸರಿಯಾಗೇ ಇದೆ. ಯಾರಾದರೂ ಕೇಳಿದರೆ ನೀವು ‘ಖಾನಾವಳಿ ನಡಸ್ತೇನ್ರಿ’ ಅಂತೀರಿ, ಅಲ್ವಾ? ನಡೆಸು ಅಂದರೆ ನಡೆಯುವ ಹಾಗೆ ಮಾಡು. ಟೇಬಲ್, ಕುರ್ಚಿ, ರೊಟ್ಟಿ ಬುಟ್ಟಿ ಸಮೇತ ಇಡೀ ಖಾನಾವಳಿಯನ್ನು ಕೂತಲ್ಲೇ ನಡೆಸಿಕೊಂಡು ಬಂದವರು ನೀವು. ಇಂಗ್ಲಿಷಿನವರಿಗೆ ಅವಸರ ಜಾಸ್ತಿ, ಓಡಿಸುತ್ತಾರೆ. ಗಡಿಯಾರವೂ ಹಾಗೇ, ನಮ್ಮಲ್ಲಿ ನಡೆಯುತ್ತದೆ, ಅವರಲ್ಲಿ ಓಡುತ್ತದೆ. (ಕೆಟ್ಟರೆ ಎರಡೂ ಕಡೆ ನಿಲ್ಲುತ್ತದೆ.)

ಈ ರನ್ ಇದೆಯಲ್ಲ, ಭಾಳ ದುಡಿಯುವ ಪದ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ಸೆಟ್ ಮುಂದಿತ್ತು, 430 ಅರ್ಥ. ಆಮೇಲೆ ಪರಿಷ್ಕರಿಸಿದಾಗ ರನ್ ಅದನ್ನು ಹಿಂದೆ ಹಾಕಿತು, ಬರೀ ಕ್ರಿಯಾಪದಕ್ಕೇ 645. ಯಂತ್ರ, ಕಂಪ್ಯೂಟರ್ ಬಂದ ಹಾಗೆ ಅವುಗಳ ಕೆಲಸವೂ ಇದರ ತಲೆಗೇ ಬಂತು. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಓಡು ಅನ್ನುವುದರ ಜೊತೆ ಹರಿ ಅನ್ನುವ ಅರ್ಥವೂ ಇತ್ತು, ಅದಕ್ಕೇ ಅವರಲ್ಲಿ ನಳ, ಮೂಗು, ಬಟ್ಟೆಯ ಬಣ್ಣ ಎಲ್ಲಕ್ಕೂ ರನ್ ಒಂದೇ ಸಾಕು. ನಮ್ಮಲ್ಲಿ ಹಾಗಲ್ಲ. ಮೂಗು ಸೋರುತ್ತದೆ, ಹೊಸ ಸೀರೆ ಬಣ್ಣ ಬಿಡುತ್ತದೆ, ಹುಬ್ಬಳ್ಳಿಯ ಓಣಿಯಲ್ಲಂತೂ ‘ನಳ ಬಂತು’ ಅಂತ ಒಬ್ಬರು ಕೂಗಿದರೆ ಸಾಕು, ಓಡುವವರು ಕೊಡ ಹಿಡಿದ ನಾವೇ.

ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ಬ್ರಿಟನ್ನಿನವರು ನಮ್ಮ ಹಾಗೆ ನಿಲ್ಲುತ್ತಾರೆ. ಅದಿರಲಿ.

ನೀವು ‘ಅದು ಸರಿ’ ಅಂದ ಕಾಕಾನ ಬಸ್ಸಿದೆಯಲ್ಲ, ತಪ್ಪಿರುವುದು ಅಲ್ಲಿ. ನಾವು ಬಸ್ ಓಡಿಸುವುದು ಅಂತೀವಿ, ಮಗಳು ಅದನ್ನೇ ಸೀದಾ ಇಂಗ್ಲಿಷಿಗೆ ಎತ್ತಿಟ್ಟಿದ್ದಾಳೆ. ಸ್ಟೀರಿಂಗ್ ಹಿಡಿದವರದು ಡ್ರೈವ್. ರನ್ ಮಾಡುವವರು ಅಂದರೆ ಗಾಡಿ ಬಿಡುವವರು, ಗದಗ–ಹುಬ್ಬಳ್ಳಿ ದಾರಿಗೆ ಬಸ್ ಬಿಡುವ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಹಾಗೆ. ಈ ವಾಕ್ಯ ಓದಿದ ಇಂಗ್ಲಿಷಿನವರು ನಿಮ್ಮ ತಮ್ಮನನ್ನು ಯಾವುದೋ ಟ್ರಾವೆಲ್ಸ್ ಮಾಲಕ ಅಂದುಕೊಂಡಾರು. ಅಲ್ಲಿ ಡ್ರೈವ್ಸ್ ಅಂತ ತಿದ್ದಿಸಿ, ನಿಮ್ಮದು ಇದ್ದ ಹಾಗೇ ಇರಲಿ.