ಬಸ್ಸಿನ ಬೋರ್ಡು ಮತ್ತು ನಿಮ್ಮ 27 ‘ಬಿದ್ರಿ ಕಲೆ’

ನಮಸ್ಕಾರ ತಂಗಿ,

ಬಿದ್ರಿ ಕಲೆಯ (ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಕುಸುರಿ) ಬಗ್ಗೆ ಬೀದರಿನಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಜಾಲತಾಣದಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಅದಕ್ಕೇ ಈ ಉದ್ದ ಪತ್ರ.

540 ಪದಗಳಲ್ಲಿ ‘ಬಿದ್ರಿ ಕಲೆ’ 27 ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. “ಕೀವರ್ಡ್ ನೂರು ಪದಕ್ಕೆ ಐದು ಸಲ ಇರಬೇಕು ಅಂತ ಕೋರ್ಸಿನಲ್ಲಿ ಹೇಳಿಕೊಟ್ಟರು” ಎಂದು ನೀವೇ ಬರೆದಿದ್ದೀರಿ. ಕೀವರ್ಡ್ ಅಂದರೆ ಜನ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕುವ ಪದ. ಲೆಕ್ಕ ಸರಿಯಾಗಿಯೇ ಕೂಡಿಸಿದ್ದೀರಿ ಬಿಡಿ. ಆದರೆ ಗೂಗಲ್ ಅಂಥ ಯಾವ ಅಳತೆಯನ್ನೂ ಇಟ್ಟಿಲ್ಲ. ಹೀಗೆ ತುರುಕುವುದನ್ನು ಅದು ಸ್ಪ್ಯಾಮ್ ಪಟ್ಟಿಯಲ್ಲಿಯೇ ಸೇರಿಸಿದೆ.

ನಿಮ್ಮದೇ ಒಂದು ಸಾಲು ನೋಡಿ: “ಬೀದರ್ ಬಿದ್ರಿ ಕಲೆ ನೋಡಲು ಬಂದವರು ಬಿದ್ರಿ ಕಲೆ ಅಂಗಡಿಯಲ್ಲಿ ಬಿದ್ರಿ ಕಲೆ ಬೆಲೆ ತಿಳಿಯಬಹುದು.” ಇದನ್ನು ಮನೆಯಲ್ಲಿ ಅವ್ವನ ಮುಂದೆ ಜೋರಾಗಿ ಓದಿ. ‘ಬೀದರಿಗೆ’ ಅನ್ನಬೇಕಾದಲ್ಲಿ ‘ಬೀದರ್’ ಅಂತ ನಿಲ್ಲಿಸಿದ್ದೀರಿ, ‘ಕಲೆಯ’ ಅನ್ನಬೇಕಾದಲ್ಲಿ ‘ಕಲೆ’. ಪ್ರತ್ಯಯ ಹತ್ತಿದರೆ ಗೂಗಲ್‌ಗೆ ಗುರುತು ಸಿಗುವುದಿಲ್ಲ ಎಂಬ ಭಯ ಅಲ್ವಾ? ಕನ್ನಡದಲ್ಲಿ ಪದ ಬಾಗದೆ ವಾಕ್ಯ ಆಗುವುದಿಲ್ಲ. ಮೂಲ ರೂಪ ಶೀರ್ಷಿಕೆಯಲ್ಲಿ ಒಂದು ಸಲ, ಮೊದಲ ಪ್ಯಾರಾದಲ್ಲಿ ಒಂದು ಸಲ ಇರಲಿ. ಆಮೇಲೆ ಬಿದ್ರಿಯ, ಬಿದ್ರಿಗೆ, ಬಿದ್ರಿಯಲ್ಲಿ ಎಂದು ಬಾಯಿಗೆ ಬಂದ ಹಾಗೆ ಬರೆಯಿರಿ.

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಬೀದರ್ ಬಸ್ಸಿನ ಕಂಡಕ್ಟರ್ “ಹುಮನಾಬಾದ್, ಬೀದರ್, ಹುಮನಾಬಾದ್, ಬೀದರ್” ಎಂದು ಕೂಗುತ್ತಿರುತ್ತಾನೆ. ಅದು ಬಾಗಿಲಲ್ಲಿ ನಿಂತು, ಇನ್ನೂ ಹತ್ತದವರಿಗಾಗಿ. ಬಸ್ ಹೊರಟ ಮೇಲೂ ಸೀಟಿನಲ್ಲಿ ಕೂತವರ ಕಿವಿಯಲ್ಲಿ ಹಾಗೇ ಕೂಗಿದರೆ ಜನ ಮುಂದಿನ ಸ್ಟಾಪಿನಲ್ಲೇ ಇಳಿಯುತ್ತಾರೆ. ಬಸ್ಸಿನ ಬೋರ್ಡೂ ಹೊರಗಿನವರಿಗಾಗಿಯೇ. ನಿಮ್ಮ ಲೇಖನದ ಬೋರ್ಡು ಅಂದರೆ ಶೀರ್ಷಿಕೆ, ಮೊದಲ ಎರಡು ಸಾಲು, ಒಂದೆರಡು ಉಪಶೀರ್ಷಿಕೆ, ಪುಟದ ವಿಳಾಸ, ಚಿತ್ರದ ವಿವರಣೆ. ಕೂಗುವುದಿದ್ದರೆ ಅಲ್ಲಿ. ಅಂದಹಾಗೆ, ನಿಮ್ಮ ಫೋಟೊಗಳ ಹೆಸರು ಬರೀ ನಂಬರು. ‘ಬೆಳ್ಳಿ ತಂತಿ ಕೂರಿಸುತ್ತಿರುವ ಬಿದ್ರಿ ಕುಶಲಕರ್ಮಿ’ ಎಂದು ವಿವರಣೆ ಕೊಟ್ಟರೆ ಗೂಗಲ್‌ಗೂ ತಿಳಿಯುತ್ತದೆ, ಕಣ್ಣು ಕಾಣದೆ ಸ್ಕ್ರೀನ್ ರೀಡರ್‌ನಲ್ಲಿ ಕೇಳುವವರಿಗೂ ತಿಳಿಯುತ್ತದೆ.

ಕೊನೆಯಲ್ಲಿ ‘ಮೆಟಾ ಕೀವರ್ಡ್ಸ್’ (ಓದುಗರಿಗೆ ಕಾಣದೆ ಪುಟದ ಕೋಡಿನಲ್ಲಿ ಕೂರುವ ಪದಗಳು) ಎಂದು ನಲವತ್ತು ಪದಗಳ ಪಟ್ಟಿ ಇಟ್ಟಿದ್ದೀರಿ. ಅದನ್ನು ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಆ ಶ್ರಮವನ್ನು ಹುಡುಕಾಟದಲ್ಲಿ ಶೀರ್ಷಿಕೆಯ ಕೆಳಗೆ ಕಾಣುವ ಎರಡು ಸಾಲಿನ ವಿವರಕ್ಕೆ ಹಾಕಿ. ಅದರಿಂದ ಪುಟ ಮೇಲೇರುವುದಿಲ್ಲ, ಗೂಗಲ್ ಕೆಲವು ಸಲ ಅದನ್ನು ಬದಲಿಸುವುದೂ ಉಂಟು. ಆದರೂ ಕ್ಲಿಕ್ ಮಾಡಬೇಕೋ ಬೇಡವೋ ಎಂದು ಓದುಗ ನಿರ್ಧರಿಸುವುದು ಅಲ್ಲಿಯೇ.

ಪದ ಆರಿಸುವುದರಲ್ಲಿ ನಾನೂ ಎಡವಿದ್ದೇನೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತಲ್ಲ, ಆ ಖುಷಿಯಲ್ಲಿ ಹಳೆಯ ಪುಟಗಳಲ್ಲೆಲ್ಲ ಒಂದೇ ಏಟಿಗೆ ಹೆಸರು ಬದಲಿಸಿಬಿಟ್ಟೆ. ಗುಲ್ಬರ್ಗಾ ವಿಶ್ವವಿದ್ಯಾಲಯವೂ ‘ಕಲಬುರಗಿ ವಿಶ್ವವಿದ್ಯಾಲಯ’ ಆಯಿತು! ಆ ಸಂಸ್ಥೆಯ ಹೆಸರು ಬದಲಾಗಿರಲೇ ಇಲ್ಲ. ಹಳೆಯ ಹೆಸರು ಟೈಪ್ ಮಾಡಿ ಬರುತ್ತಿದ್ದ ಓದುಗರೂ ಕಡಿಮೆಯಾದರು. ನಮ್ಮ ತೊಗರಿ ಬೇಳೆಯನ್ನೇ ನೋಡಿ, 2019ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದ್ದು ‘ಗುಲ್ಬರ್ಗಾ ತೂರ್ ದಾಲ್’ ಎಂಬ ಹೆಸರಿನಲ್ಲಿ. ಸರ್ಕಾರ ಒಂದು ಹೆಸರು ಇಟ್ಟರೆ ಬೆರಳು ಇನ್ನೊಂದನ್ನು ಟೈಪ್ ಮಾಡುತ್ತದೆ. ಈಗ ‘ಕಲಬುರಗಿ (ಹಳೆಯ ಹೆಸರು ಗುಲ್ಬರ್ಗಾ)’ ಎಂದು ಒಂದು ಕಡೆ ಬರೆದು ಮುಂದೆ ಹೋಗುತ್ತೇನೆ.

ನಿಮ್ಮ ಪದಕ್ಕೂ ಇದೇ ಕಥೆ. ಕೆಲವರು ಬಿದ್ರಿ ಅಂತಾರೆ, ಕೆಲವರು ಬಿದರಿ. ಬಹಳ ಜನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ‘ಕಲೆ’ ಎಂದು ಹುಡುಕುವವರಿಗಿಂತ ಮದುವೆಯಲ್ಲಿ ಬಂದ ಬಿದ್ರಿ ಹೂದಾನಿಯನ್ನು ತೊಳೆಯುವುದು ಹೇಗೆ, ಬೆಳ್ಳಿ ಅಸಲಿಯೋ ನಕಲಿಯೋ ಎಂದು ಕೇಳುವವರು ಜಾಸ್ತಿ ಇರಬಹುದು. ಫೋನಿನಲ್ಲಿ ‘ಬಿದ್ರಿ’ ಎಂದಷ್ಟೇ ಟೈಪ್ ಮಾಡಿ, ಕೆಳಗೆ ಏನು ಬೀಳುತ್ತದೆ ನೋಡಿ. ಅಲ್ಲಿ ಬರುವ ಪ್ರಶ್ನೆಗಳಲ್ಲಿ ನಿಮಗೆ ಉತ್ತರ ಗೊತ್ತಿರುವ ಒಂದನ್ನು ಆರಿಸಿ. ಎಲ್ಲಕ್ಕೂ ಒಂದೇ ಪುಟದಲ್ಲಿ ಉತ್ತರ ಕೊಡಲು ಹೋಗಬೇಡಿ.

ಬೇಸರವಾಗಿದ್ದು ಏನು ಗೊತ್ತಾ? ನಿಮಗೆ ಗೊತ್ತಿರುವ ಒಳ್ಳೆಯ ವಿಷಯ ಒಂಬತ್ತನೇ ಪ್ಯಾರಾದಲ್ಲಿ ಅಡಗಿ ಕೂತಿದೆ. ಕುಶಲಕರ್ಮಿ ಕೋಟೆಯ ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ ನೋಡಿದರು, ತಲೆ ಅಲ್ಲಾಡಿಸಿ ಚೆಲ್ಲಿದರು, ಬೇರೆ ಚೀಲದಿಂದ ತೆಗೆದರು ಎಂದು ಬರೆದಿದ್ದೀರಿ. ಆ ಮಣ್ಣನ್ನು ನವಸಾಗರವೆಂಬ ಲವಣದ ನೀರಿಗೆ ಬೆರೆಸಿ ಕುದಿಸಿ ಪಾತ್ರೆ ಅದ್ದಿದಾಗ ಸತು–ತಾಮ್ರದ ಮೈ ಕಪ್ಪಾಯಿತು, ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯಿತು. ಇದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಹಾಗಿದ್ದೂ ಅದರ ಮೇಲೆ ಎಂಟು ಪ್ಯಾರಾ ಹೊರಿಸಿದ್ದೀರಿ, ಅವುಗಳಲ್ಲಿ ಕೀವರ್ಡ್ ಬಿಟ್ಟರೆ ಏನೂ ಇಲ್ಲ. ಅವನ್ನೆಲ್ಲ ತೆಗೆದುಹಾಕಿ. ‘ಬಿದ್ರಿ ಪಾತ್ರೆ ಕಪ್ಪಾಗುವುದು ಹೇಗೆ? ಬೀದರ್ ಕೋಟೆಯ ಮಣ್ಣಿನ ಕೆಲಸ’ ಎಂದು ಶೀರ್ಷಿಕೆ ಕೊಟ್ಟು ಚಿಟಿಕೆ ಮಣ್ಣಿನಿಂದಲೇ ಶುರು ಮಾಡಿ. ಬಿದ್ರಿ, ಬೀದರ್, ಕೋಟೆ, ಬೆಳ್ಳಿ, ಸತು ಎಲ್ಲವೂ ತಾವಾಗಿಯೇ ಬರುತ್ತವೆ. ಎಣಿಸುವ ಗೋಜೇ ಇಲ್ಲ.

ಇನ್ನೊಂದು ಮಾತು. ನೀವು ಕಳಿಸಿದ್ದು ಹಳೆಯ ನುಡಿ ಫಾಂಟಿನಲ್ಲಿದೆ. ಅದನ್ನು ಹಾಗೇ ಪುಟಕ್ಕೆ ಏರಿಸಿದರೆ ಗೂಗಲ್‌ಗೆ ಕನ್ನಡ ಕಾಣುವುದೇ ಇಲ್ಲ, ಏನೋ ಇಂಗ್ಲಿಷ್ ಗುರುತುಗಳ ರಾಶಿ ಕಾಣುತ್ತದೆ. ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರು, ಫೋನು ಎಲ್ಲವೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ, ಬದಲಿಸಿ ಕಳಿಸಿ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ನೋಡಿಕೊಳ್ಳಿ, ಅಲ್ಲಲ್ಲಿ ಕೆಡುತ್ತವೆ.

ಮತ್ತೆ, ಆ ಮಣ್ಣಿನ ರುಚಿ ಹೇಗಿರಬೇಕು, ಮೊದಲ ಚೀಲದ ಮಣ್ಣು ಯಾಕೆ ಬೇಡವಾಯಿತು ಎಂದು ಅವರನ್ನು ಕೇಳಿದಿರಾ? ಲೇಖನದಲ್ಲಿ ಇಲ್ಲ. ಕೇಳಿಲ್ಲದಿದ್ದರೆ ಇನ್ನೊಮ್ಮೆ ಹೋಗಿ ಬನ್ನಿ, ಆಮೇಲೆ ಬರೆಯಿರಿ.