ಕ್ರಿಸ್‌ಮಸ್‌ಗೆ ಕರೆಯಲೋ ಬೇಡವೋ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಓದುತ್ತಿರುವ ಕ್ರೈಸ್ತ ಹುಡುಗಿ. ಪಿಜಿಯಲ್ಲಿ ನನ್ನ ಜೊತೆ ಮಣಿಪುರದವಳೊಬ್ಬಳು, ಜಗಳೂರು ಕಡೆಯ ಲಿಂಗಾಯತರ ಹುಡುಗಿಯೊಬ್ಬಳು ಇದ್ದಾರೆ. ಒಂದೇ ಪೇಪರಿನಲ್ಲಿ ಮಂಡಕ್ಕಿ ತಿನ್ನುವಷ್ಟು ಸಲುಗೆ. 'ಇಬ್ಬರನ್ನೂ ಕ್ರಿಸ್‌ಮಸ್ ಆರಾಧನೆಗೆ ಕರ್ಕೊಂಡು ಬಾ, ಇದೂ ಸುವಾರ್ತೆ ಸೇವೆನೇ, ಯೇಸುವಿನ ಸಂದೇಶ ಸಾರಿದ ಹಾಗೆ' ಅಂತಾರೆ ನಮ್ಮ ಚರ್ಚಿನ ಸಭೆಯವರು. ಗೆಳೆತನ ಕೆಟ್ಟೀತು ಅಂತ ಭಯ. ಏನು ಮಾಡಲಿ?

ಉತ್ತರ: ಧಾರಾಳವಾಗಿ ಕರೆಯಿರಿ. ಆದರೆ ಯಾಕೆ ಕರೆಯುತ್ತಿದ್ದೀರಿ ಅಂತ ಮೊದಲೇ ಹೇಳಿಬಿಡಿ. 'ಸುಮ್ನೆ ಕೇಕ್ ತಿನ್ನೋಕೆ ಬಾ' ಅಂತ ಕರೆದೊಯ್ದು ಗಂಟೆಗಟ್ಟಲೆ ಪಾದ್ರಿಯ ಉಪದೇಶ ಕೇಳಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ನನಗಂತೂ ಬರುತ್ತದೆ. ಒಲ್ಲೆ ಅಂದರೆ ಬಿಡಿ, ರೋಸ್ ಕುಕ್ಕಿಯನ್ನು ರೂಮಿಗೇ ತಂದುಕೊಡಿ. ಅದಕ್ಕೆ ಮೊಟ್ಟೆ ಹಾಕುತ್ತಾರೆ, ಜಗಳೂರಿನವಳಿಗೆ ಅದನ್ನೂ ಹೇಳಿಯೇ ಕೊಡಿ.

ಮಣಿಪುರದವಳ ಬಗ್ಗೆ ನಿಮಗೆಷ್ಟು ಗೊತ್ತು? ಅಲ್ಲಿನ ಬೆಟ್ಟದ ನಾಗಾ, ಕುಕಿಗಳಲ್ಲಿ ಹೆಚ್ಚಿನವರು ಕ್ರೈಸ್ತರೇ. ಕಣಿವೆಯ ಮೈತೇಯಿಗಳಲ್ಲಿ ವೈಷ್ಣವರು ಜಾಸ್ತಿ, ತಮ್ಮ ಹಳೆಯ ದೇವರಾದ ಸನಮಾಹಿಯ ಪೂಜೆ ಬಿಡದವರೂ ಇದ್ದಾರೆ. ಆಕೆ ಅಜ್ಜಿಯ ಕಾಲದಿಂದಲೇ ಕ್ರೈಸ್ತಳಾಗಿದ್ದರೆ ಅವಳಿಗೆ ಬೇಕಾಗಿರುವುದು ಸುವಾರ್ತೆಯಲ್ಲ, ಕನ್ನಡದ ಆರಾಧನೆಯಲ್ಲಿ ಪಕ್ಕ ಕೂತು ಅರ್ಥ ಹೇಳುವ ಒಬ್ಬ ಗೆಳತಿ. ಯಾರೇ ಆಗಿರಲಿ, 2023ರ ಮೇ ತಿಂಗಳಲ್ಲಿ ಶುರುವಾದ ಮೈತೇಯಿ-ಕುಕಿ ಗಲಭೆಯಲ್ಲಿ ಮನೆಮಠ ಸುಟ್ಟುಕೊಂಡವರು ಎರಡೂ ಕಡೆ ಇದ್ದಾರೆ. ಮೊದಲು ಅವಳ ಊರಿನ ಸುದ್ದಿ ಕೇಳಿ.

ಇನ್ನು ನೀವೂ ಹೋಗಬೇಕು, ಅಲ್ವಾ? ಬಸವ ಜಯಂತಿಗೆ ಜಗಳೂರಿಗೆ ಕರೆದರೆ ನೆಪ ಹೇಳಬೇಡಿ. ಸುವಾರ್ತೆ ಸಾರಲೆಂದೇ ಜರ್ಮನಿಯಿಂದ ಬಂದ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಬಸವ ಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಗೆಳತಿಯ ಮನೆಯ ಹೋಳಿಗೆ ಉಂಡು ಬರುವುದಕ್ಕೆ ನಿಮಗೇನು ಅಡ್ಡಿ? ಪಕ್ಕದ ಹರಿಹರದಲ್ಲೇ ನೋಡಿ, ಸೆಪ್ಟೆಂಬರ್ 8ರಂದು ಚರ್ಚಿನಲ್ಲಿ ನಡೆಯುವ ಆರೋಗ್ಯಮಾತೆ (ಮೇರಿ ಮಾತೆ) ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ, ಹರಕೆ ತೀರಿಸುತ್ತಾರೆ, ತಮ್ಮ ಪಾಡಿಗೆ ಮನೆಗೆ ಹೋಗುತ್ತಾರೆ.

ಸಭೆಯವರು ಒತ್ತಾಯ ಮಾಡಿದರೆ ಕಾನೂನಿನ ಮಾತನ್ನೂ ಹೇಳಿ. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಹಾಗಂತ ನಿಮ್ಮ ನಂಬಿಕೆಯನ್ನು ಮುಚ್ಚಿಡಬೇಕಿಲ್ಲ. ಗೆಳತಿಯರು ಕೇಳಿದರೆ ಯೇಸುವಿನ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿ. ಅವರಿಬ್ಬರೂ ಆರಾಧನೆಗೆ ಬಂದರು ಅಂತಿಟ್ಟುಕೊಳ್ಳಿ, ಅವರನ್ನು ಕೇಳದೆ ಫೋಟೊ ತೆಗೆದು ಸಭೆಯ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ.